ಎಂಬತ್ತು ವೋಲ್ಟಿನ ಅರ್ಧಸತ್ಯ

ವೆಲ್ಡಿಂಗ್ ಕಲಿಯಲು ಬಂದ ಹುಡುಗನಿಗೆ ನಮ್ಮ ಗ್ರಿಲ್ ಅಂಗಡಿಗಳಲ್ಲಿ ಮೊದಲ ದಿನವೇ ಎರಡು ಪಾಠ ಆಗುತ್ತವೆ. ಒಂದು, ಕಪ್ಪು ಗ್ಲಾಸ್ ಇಲ್ಲದೆ ಬೆಳಕು ನೋಡಬೇಡ. ಎರಡು, ರಾಡ್ ಕಚ್ಚಿಸುವ ಹೋಲ್ಡರಿನ ಕರೆಂಟಿಗೆ ಹೆದರಬೇಡ, ಅದು ಜುಂ ಅನ್ನಿಸಿ ಬಿಡುತ್ತದೆ, ಸಾಯಿಸುವುದಿಲ್ಲ. ಮೊದಲನೆಯ ಪಾಠ ಸರಿ. ಎರಡನೆಯದು ತಪ್ಪು. ಹೇಳುವವರು ಅನುಭವಸ್ಥರಾದ್ದರಿಂದ ಆ ತಪ್ಪನ್ನು ಯಾರೂ ಪ್ರಶ್ನಿಸುವುದಿಲ್ಲ. ಪೀಣ್ಯದ ಶೆಡ್ಡಿನಿಂದ ಹಿಡಿದು ತಾಲ್ಲೂಕು ಊರಿನಲ್ಲಿ ಟ್ರ್ಯಾಕ್ಟರ್ ಟ್ರೈಲರ್ ರಿಪೇರಿ ಮಾಡುವ ಅಂಗಡಿಯವರೆಗೆ ಈ ನಂಬಿಕೆ ಎಷ್ಟು ಬೇರೂರಿದೆಯೆಂದರೆ, ಗ್ಲೌಸ್ ಕೇಳಿದ ಹುಡುಗನನ್ನೇ ಪುಕ್ಕಲ ಎಂದು ನಗುತ್ತಾರೆ. ಈಗ ಮೊಬೈಲಿನ ವಿಡಿಯೋಗಳೂ ಇದಕ್ಕೆ ಸೇರಿವೆ. ಬರಿಗೈಯಲ್ಲಿ ರಾಡ್ ಹಿಡಿದು, ಇನ್ನೊಂದು ಕೈಯನ್ನು ಕಬ್ಬಿಣದ ಮೇಜಿನ ಮೇಲಿಟ್ಟು ‘ನೋಡಿ, ಏನೂ ಆಗಲಿಲ್ಲ’ ಎಂದು ನಗುವ ಗುರುಗಳಿಗೆ ಲೈಕ್ ಒತ್ತುವವರು ಸಾವಿರಾರು ಜನ.

ಎದುರು ಪಕ್ಷದ ವಾದವನ್ನು ಮೊದಲು ಅದರ ಪೂರ್ಣ ಬಲದಲ್ಲಿಯೇ ಇಡೋಣ, ಏಕೆಂದರೆ ಅದು ದಡ್ಡರ ವಾದವಲ್ಲ. ಮನೆಯ ಪ್ಲಗ್ಗಿನಲ್ಲಿ ಬರುವುದು 230 ವೋಲ್ಟ್, ಎರಡು ಫೇಸ್‌ಗೆ ಕಟ್ಟುವ ದೊಡ್ಡ ಮಿಷಿನ್‌ಗೆ 415. ಮಿಷಿನ್ನಿನ ಒಳಗಿರುವ ಟ್ರಾನ್ಸ್‌ಫಾರ್ಮರ್ ಅದನ್ನು ಇಳಿಸಿ ಹೋಲ್ಡರಿಗೆ ಕೊಡುವುದು ಸಾಮಾನ್ಯವಾಗಿ 50ರಿಂದ 80 ವೋಲ್ಟ್. ಆರ್ಕ್, ಅಂದರೆ ರಾಡಿನ ತುದಿಯ ಬೆಸೆಯುವ ಕಿಡಿ, ಹತ್ತಿಕೊಂಡ ಮೇಲೆ ಅದೂ 20-30ಕ್ಕೆ ಇಳಿಯುತ್ತದೆ. ಮಿಷಿನ್ ನೂರು ಆಂಪಿಯರ್ ತೋರಿಸಿದರೂ ಅಷ್ಟೂ ಹರಿಯುವುದು ರಾಡು ಮತ್ತು ಕಬ್ಬಿಣದ ನಡುವೆ, ಮೈಯಲ್ಲಿ ಅಲ್ಲ. ಇದಿಷ್ಟೂ ನಿಜ. ಇದರ ಜೊತೆಗೆ ಮೇಸ್ತ್ರಿಯ ಬದುಕಿನ ಸಾಕ್ಷಿಯಿದೆ: ‘ಇಷ್ಟು ವರ್ಷದಿಂದ ದಿನಾ ಶಾಕ್ ಹೊಡೆಸಿಕೊಳ್ತಾ ಇದ್ದೀನಿ, ನಿನ್ನ ಮುಂದೆ ಗುಂಡುಕಲ್ಲಿನ ಹಾಗೆ ನಿಂತಿಲ್ವ?’ ಕೊನೆಯಲ್ಲಿ ಒಂದು ಶಿಕ್ಷಣತತ್ವವೂ ಇದೆ: ಹೆದರಿದ ಕೈ ನಡುಗುತ್ತದೆ, ನಡುಗುವ ಕೈಯಲ್ಲಿ ಬೀಡ್, ಅಂದರೆ ಬೆಸುಗೆಯ ಗೆರೆ, ನೆಟ್ಟಗೆ ಬರುವುದಿಲ್ಲ, ನಾಲ್ಕು ಸಲ ಶಾಕ್ ಹೊಡೆದರೇ ಕೈ ಕುದುರುವುದು.

ಒಂದೊಂದನ್ನೇ ನೋಡೋಣ.

ವೋಲ್ಟಿನ ಲೆಕ್ಕದಿಂದ ಶುರುಮಾಡೋಣ. ಮನುಷ್ಯನನ್ನು ಕೊಲ್ಲುವುದು ಅವನ ಮೈಯಲ್ಲಿ ಹರಿದ ಕರೆಂಟ್, ಮತ್ತು ಅದು ಎಷ್ಟು ಹೊತ್ತು ಹರಿಯಿತು ಎಂಬುದು. ಅಳತೆಯೂ ಮಿಷಿನ್ನಿನ ಡಯಲ್ಲಿನ ಆಂಪಿಯರ್ ಅಲ್ಲ, ಅದರ ಸಾವಿರದ ಒಂದು ಪಾಲಾದ ಮಿಲಿಆಂಪಿಯರ್. ಒಂದು ಮಿಲಿಆಂಪಿಯರ್ ಆಸುಪಾಸಿನಲ್ಲಿ ಜುಂ ಎನ್ನುತ್ತದೆ. ಹತ್ತರ ಮೇಲೆ ಹೋದಂತೆ ಹಿಡಿದ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ. ಬೆರಳು ಮಡಿಸುವ ಸ್ನಾಯುಗಳು ಬಿಡಿಸುವ ಸ್ನಾಯುಗಳಿಗಿಂತ ಬಲವಾದವು, ಹಾಗಾಗಿ ಕರೆಂಟ್ ಹರಿದಾಗ ಮುಷ್ಟಿ ತಾನಾಗಿ ಬಿಗಿಯುತ್ತದೆ. ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಡಾಲ್ಜಿಯಲ್ 1940ರ ದಶಕದಲ್ಲಿ ಸ್ವಯಂಸೇವಕರ ಮೇಲೆ ಪ್ರಯೋಗ ಮಾಡಿ ಈ ಮಿತಿಯನ್ನೇ ಅಳೆದರು. ಕೈ ಬಿಡಿಸಿಕೊಳ್ಳಲು ಸಾಧ್ಯವಾದ ಗರಿಷ್ಠ ಕರೆಂಟ್ ಗಂಡಸರಲ್ಲಿ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಲ್ಲಿ ಸುಮಾರು 10.5. ಐವತ್ತು ಮಿಲಿಆಂಪಿಯರ್ ದಾಟಿದ ಎಸಿ ಕರೆಂಟ್ ಒಂದೆರಡು ಸೆಕೆಂಡು ಎದೆಯ ಮೂಲಕ ಹಾದರೆ ಹೃದಯ ಲಯ ತಪ್ಪಿ ಅದುರತೊಡಗಬಹುದು. ಅದುರುವ ಹೃದಯ ರಕ್ತ ತಳ್ಳುವುದಿಲ್ಲ.

ಈಗ ಎಂಬತ್ತು ವೋಲ್ಟನ್ನು ಈ ಲೆಕ್ಕಕ್ಕೆ ಹಾಕಿ. ಒಣಗಿದ, ದಡ್ಡುಗಟ್ಟಿದ ಅಂಗೈ, ಕಾಲಲ್ಲಿ ಒಣ ಬೂಟು, ಕೆಳಗೆ ಒಣ ಹಲಗೆ ಇದ್ದರೆ ಹರಿಯುವ ದಾರಿಯ ಒಟ್ಟು ತಡೆ ಐವತ್ತು ಸಾವಿರ ಓಮ್ ಇದ್ದೀತು. ಭಾಗಿಸಿದರೆ ಒಂದೂವರೆ ಮಿಲಿಆಂಪಿಯರ್. ಜುಂ, ಅಷ್ಟೆ. ಅದೇ ಮನುಷ್ಯ ಬೆವರಿನಲ್ಲಿ ತೊಯ್ದು, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಕೂತು, ಬೆನ್ನು ಕಬ್ಬಿಣಕ್ಕೆ ಒರಗಿಸಿದ್ದರೆ ತಡೆ ಸಾವಿರ ಓಮ್ ಆಸುಪಾಸಿಗೆ ಇಳಿಯುತ್ತದೆ. ಭಾಗಿಸಿ: ಎಂಬತ್ತು ಮಿಲಿಆಂಪಿಯರ್. ಮಿಷಿನ್ ಅದೇ, ಹೋಲ್ಡರ್ ಅದೇ, ವೋಲ್ಟ್ ಅದೇ. ಕೈ ಬಿಡಿಸಿಕೊಳ್ಳುವ ಮಿತಿಯ ಐದು ಪಟ್ಟು ಕರೆಂಟ್ ಈಗ ಎದೆಯಲ್ಲಿದೆ. ವಿಡಿಯೋದ ಗುರು ತೋರಿಸಿದ್ದು ಅವನ ಒಣ ಚರ್ಮದ ಗುಣವನ್ನು, ವೆಲ್ಡಿಂಗ್ ಕರೆಂಟಿನ ಗುಣವನ್ನಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತು ಕೆರೆಗೆ ಆಳವೇ ಇಲ್ಲ ಎಂದು ಸಾರಿದಂತಾಯಿತು ಅವನ ಪ್ರಯೋಗ.

ಈ ವ್ಯತ್ಯಾಸವನ್ನು ವೆಲ್ಡಿಂಗ್ ಮಿಷಿನ್ನಿನ ಮಾನದಂಡ ಬರೆದವರೇ ಒಪ್ಪಿಕೊಂಡಿದ್ದಾರೆ. ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60974 ಆರ್ಕ್ ಇಲ್ಲದ ಹೊತ್ತಿನಲ್ಲಿ ಎಸಿ ಮಿಷಿನ್ನಿನ ಹೋಲ್ಡರಿಗೆ 80 ವೋಲ್ಟಿನವರೆಗೆ ಅವಕಾಶ ಕೊಡುತ್ತದೆ, ಆದರೆ ಅದು ಸಾಮಾನ್ಯ ಸ್ಥಳಕ್ಕೆ ಮಾತ್ರ. ಇಕ್ಕಟ್ಟಾದ, ಒದ್ದೆಯಾದ, ಸುತ್ತಲೂ ಲೋಹವಿರುವ ಜಾಗಕ್ಕೆ ಅದೇ ಮಾನದಂಡ ಇಟ್ಟ ಮಿತಿ 48 ವೋಲ್ಟ್. ಅಂಥ ಜಾಗಕ್ಕೆ ಒಗ್ಗುವ ಮಿಷಿನ್ನಿನ ಫಲಕದ ಮೇಲೆ ಚೌಕದೊಳಗೆ ‘ಎಸ್’ ಎಂಬ ಅಕ್ಷರ ಇರುತ್ತದೆ. ಎಂಬತ್ತು ವೋಲ್ಟ್ ಎಲ್ಲ ಕಡೆಯೂ ನಿರಪಾಯ ಆಗಿದ್ದರೆ ಈ ನಲವತ್ತೆಂಟರ ಸಾಲು ಬರೆಯುವ ಅಗತ್ಯವೇ ಇರಲಿಲ್ಲ. ನಮ್ಮ ಅಂಗಡಿಗಳಲ್ಲಿ ಸ್ಥಳೀಯವಾಗಿ ಸುತ್ತಿಸಿದ ತಾಮ್ರದ ಅಥವಾ ಅಲ್ಯೂಮಿನಿಯಮ್ ಕಾಯಿಲ್‌ನ ಹಳೆಯ ಟ್ರಾನ್ಸ್‌ಫಾರ್ಮರುಗಳು ಎಷ್ಟೋ ಇವೆ. ಅವುಗಳ ಮೇಲೆ ‘ಎಸ್’ ಹೋಗಲಿ, ಫಲಕವೇ ಇರುವುದಿಲ್ಲ. ಹೋಲ್ಡರಿನಲ್ಲಿ ಎಷ್ಟು ವೋಲ್ಟ್ ಇದೆ ಎಂದು ಮೀಟರ್ ಹಿಡಿದು ನೋಡಿದವರೂ ಇಲ್ಲ.

ಇನ್ನು ಸಾಮಾನ್ಯ ಸ್ಥಳ ಎನ್ನುವುದು ನಮ್ಮಲ್ಲಿ ಎಷ್ಟಿದೆ? ಆಷಾಢದ ಮಳೆಯಲ್ಲಿ ಸೋರುವ ತಗಡಿನ ಶೆಡ್ಡು ಸಾಮಾನ್ಯ ಸ್ಥಳವಲ್ಲ. ಬೋರ್‌ವೆಲ್ ಲಾರಿಯ ಪಕ್ಕ ಕೆಸರಿನಲ್ಲಿ ಕೇಸಿಂಗ್ ಪೈಪ್ ಜೋಡಿಸುವ ಜಾಗ ಸಾಮಾನ್ಯ ಸ್ಥಳವಲ್ಲ. ನೀರಿನ ಟ್ಯಾಂಕರಿನ ಒಳಗೆ ಇಳಿದು, ನಾಲ್ಕೂ ಕಡೆ ತಗಡಿಗೆ ಮೈ ತಾಗಿಸಿಕೊಂಡು ಸೋರಿಕೆ ಮುಚ್ಚುವ ಕೆಲಸ, ಕರಾವಳಿಯ ಉಕ್ಕಿನ ದೋಣಿಯ ಹೊಟ್ಟೆಯೊಳಗೆ ಉಪ್ಪುನೀರಿನ ಪಸೆಯಲ್ಲಿ ಮಾಡುವ ಕೆಲಸ ಇವು ಮಾನದಂಡ ಹೆಸರಿಟ್ಟು ಎಚ್ಚರಿಸಿದ ಬಗೆಯ ಜಾಗಗಳೇ. ಏಪ್ರಿಲ್ ತಿಂಗಳ ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಒಂದು ಗಂಟೆ ಕೆಲಸ ಮಾಡಿದರೆ ಚರ್ಮದ ಗ್ಲೌಸೇ ಬೆವರು ಕುಡಿದು ಕರೆಂಟಿಗೆ ದಾರಿ ಬಿಡುತ್ತದೆ. ನಮ್ಮ ಹವೆಯಲ್ಲಿ ಒಣ ಚರ್ಮ ಎನ್ನುವುದು ಬೆಳಗಿನ ಮೊದಲ ಅರ್ಧ ತಾಸಿನ ಸ್ಥಿತಿ.

ಎರಡನೆಯ ವಾದ: ಆರ್ಕ್ ಹತ್ತಿದ ಮೇಲೆ ವೋಲ್ಟ್ ಇಪ್ಪತ್ತು ಮೂವತ್ತಕ್ಕೆ ಇಳಿಯುತ್ತದಲ್ಲ? ಇಳಿಯುತ್ತದೆ. ಅದಕ್ಕೇ ಇದು ಕಲಿಯುವವನ ವಿರುದ್ಧ ಹೋಗುವ ವಾದ. ಪಳಗಿದ ವೆಲ್ಡರ್ ರಾಡ್ ಹಚ್ಚಿದರೆ ಅದು ಮುಗಿಯುವ ತನಕ ಆರ್ಕ್ ಕೆಡಿಸುವುದಿಲ್ಲ. ಹೊಸಬನ ಕೈಯಲ್ಲಿ ಆರ್ಕ್ ನಿಲ್ಲುವುದೇ ಇಲ್ಲ. ಗೀರುತ್ತಾನೆ, ಆರುತ್ತದೆ. ಮತ್ತೆ ಗೀರುತ್ತಾನೆ, ಅಂಟಿಕೊಳ್ಳುತ್ತದೆ. ಆರ್ಕ್ ಇಲ್ಲದ ಪ್ರತಿ ಕ್ಷಣವೂ ಹೋಲ್ಡರಿನಲ್ಲಿ ಪೂರ್ತಿ ಎಂಬತ್ತು ವೋಲ್ಟ್ ಕಾದು ಕುಳಿತಿರುತ್ತದೆ. ಅವನು ಅತಿ ಹೆಚ್ಚು ಹೊತ್ತು ಕಳೆಯುವುದು ಆ ಕ್ಷಣಗಳಲ್ಲೇ. ರಾಡ್ ಅಂಟಿದಾಗ ಏನು ಮಾಡುತ್ತಾನೆ? ಇನ್ನೊಂದು ಕೈಯಿಂದ ರಾಡನ್ನೇ ಹಿಡಿದು ಜಗ್ಗುತ್ತಾನೆ. ಅಂಟಿರುವ ತನಕ ಅದರಲ್ಲಿ ವೋಲ್ಟ್ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಭಾರಿ ಕರೆಂಟ್ ಹರಿದು ರಾಡ್ ಕೆಂಪಗೆ ಕಾಯುತ್ತಿರುತ್ತದೆ. ಕಿತ್ತುಬಂದ ಮರುಗಳಿಗೆಯೇ ವೋಲ್ಟ್ ಪುನಃ ಎಂಬತ್ತಕ್ಕೆ ಏರುತ್ತದೆ, ರಾಡ್ ಅವನ ಅಂಗೈಯಲ್ಲಿರುತ್ತದೆ. ರಾಡ್ ಬದಲಿಸುವಾಗಲೂ ಇದೇ ಕಥೆ. ಹೋಲ್ಡರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊಸ ರಾಡ್ ತೆಗೆಯುವ ಅಭ್ಯಾಸ ಎಷ್ಟು ಅಂಗಡಿಗಳಲ್ಲಿಲ್ಲ! ಬೆವರಿನ ಕಂಕುಳು ಎದೆಗೆ ಎಷ್ಟು ಹತ್ತಿರ ಎಂದು ಬಿಡಿಸಿ ಹೇಳಬೇಕಿಲ್ಲ. ಕಾದ ಹೋಲ್ಡರನ್ನು ಬಕೆಟ್ಟಿನ ನೀರಿಗೆ ಅದ್ದಿ ತಣಿಸುವುದು, ಭಾರ ಹೊರಲು ಅನುಕೂಲವೆಂದು ಕೇಬಲನ್ನು ಹೆಗಲಿಗೆ, ಸೊಂಟಕ್ಕೆ ಸುತ್ತಿಕೊಳ್ಳುವುದು, ಇವನ್ನೂ ಹುಡುಗ ಮೇಸ್ತ್ರಿಯನ್ನು ನೋಡಿಯೇ ಕಲಿಯುತ್ತಾನೆ.

ಮೂರನೆಯದು ಮೇಸ್ತ್ರಿಯ ಸಾಕ್ಷಿ. ‘ನಾನು ಬದುಕಿದ್ದೀನಿ’ ಎಂಬ ಮಾತನ್ನು ಹೇಳಲು ಬದುಕಿರಬೇಕು. ಬದುಕದವನು ಬೆಂಚಿನ ಪಕ್ಕ ನಿಂತು ಪಾಠ ಹೇಳುವುದಿಲ್ಲ. ಅಲ್ಲದೆ ಇಂಥ ಸಾವು ವೆಲ್ಡಿಂಗ್ ಸಾವೆಂದು ಹೆಸರಾಗುವುದೇ ಅಪರೂಪ. ಕಡಿಮೆ ವೋಲ್ಟಿನ ಆಘಾತ ಚರ್ಮದ ಮೇಲೆ ಸುಟ್ಟ ಗುರುತು ಬಿಡದೆಯೂ ಹೃದಯವನ್ನು ನಿಲ್ಲಿಸಬಲ್ಲದು. ಕೆಲಸದ ನಡುವೆ ಕುಸಿದು ಬಿದ್ದವನನ್ನು ‘ಹಾರ್ಟ್ ಅಟ್ಯಾಕ್ ಆಯ್ತಂತೆ’ ಎಂದು ಕಳಿಸಿಕೊಡುತ್ತಾರೆ. ಎರಡನೇ ಮಹಡಿಯ ಬಾಲ್ಕನಿಗೆ ಗ್ರಿಲ್ ಕೂರಿಸುವಾಗ ಜುಂ ಎಂದು ಕೈ ಹಿಂದಕ್ಕೆ ಎಳೆದುಕೊಂಡು ಏಣಿಯಿಂದ ಬಿದ್ದವನು ‘ಬಿದ್ದು ಸತ್ತವನು’ ಆಗುತ್ತಾನೆ. ಎದೆಗೆ ಏನೂ ಮಾಡದ ಐದು ಮಿಲಿಆಂಪಿಯರ್ ಕೂಡ ಏಣಿಯ ಮೇಲೆ ಕೊಲ್ಲಲು ಸಾಕು. ರಾಷ್ಟ್ರೀಯ ಅಪರಾಧ ದಾಖಲಾತಿ ಬ್ಯೂರೋ ಪ್ರಕಟಿಸುವ ಆಕಸ್ಮಿಕ ಸಾವುಗಳ ವಾರ್ಷಿಕ ವರದಿಯಲ್ಲಿ ವಿದ್ಯುದಾಘಾತದ ಸಾವುಗಳು ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರ ದಾಟುತ್ತವೆ. ಅದರಲ್ಲಿ ಹೋಲ್ಡರ್ ಹಿಡಿದು ಸತ್ತವರಿಗೆಂದು ಬೇರೆ ಸಾಲಿಲ್ಲ. ಸಾಲಿಲ್ಲದ ಸಾವನ್ನು ‘ಆಗಿಯೇ ಇಲ್ಲ’ ಎನ್ನುವುದು ಸುಲಭ.

ಕಣ್ಣಿನ ವಿಷಯದಲ್ಲಿ ಇದೇ ಮೇಸ್ತ್ರಿ ಎಷ್ಟು ಜಾಗ್ರತೆ ವಹಿಸುತ್ತಾನೆ ಎಂದು ಗಮನಿಸಿ. ಗ್ಲಾಸ್ ಇಲ್ಲದೆ ಬೆಳಕು ನೋಡಿದವನ ಕಣ್ಣಿಗೆ ಅದೇ ರಾತ್ರಿ ಮರಳು ಸುರಿದ ಹಾಗೆ ಉರಿ. ಆಲೂಗಡ್ಡೆ ಬಿಲ್ಲೆ ಕಟ್ಟಿಕೊಂಡು ಮಲಗುತ್ತಾನೆ, ಮಾರನೆ ದಿನ ಕೆಲಸಕ್ಕೆ ಬರುವುದಿಲ್ಲ. ನಷ್ಟ ಕಣ್ಣಿಗೆ ಕಂಡಿದ್ದರಿಂದ ಪಾಠ ಹುಟ್ಟಿತು. ಕರೆಂಟಿನ ವಿಷಯದಲ್ಲಿ ನೂರು ಸಲ ಏನೂ ಆಗುವುದಿಲ್ಲ, ನೂರ ಒಂದನೆಯ ಸಲ ನೋವು ಅನುಭವಿಸಿ ಹೇಳಲು ಯಾರೂ ಉಳಿಯುವುದಿಲ್ಲ. ನಡುವೆ ಎಚ್ಚರಿಸುವ ಮೆಟ್ಟಿಲುಗಳಿಲ್ಲ. ಅದಕ್ಕೇ ಅನುಭವ ಇಲ್ಲಿ ಗುರುವಾಗಲಾರದು. ‘ಶಾಕ್ ಹೊಡೆದರೆ ಕೈ ಕುದುರುತ್ತೆ’ ಎಂಬ ಶಿಕ್ಷಣತತ್ವದ ಪೊಳ್ಳುತನವೂ ಇಲ್ಲಿಯೇ ಇದೆ. ಪ್ರತಿ ಸಣ್ಣ ಶಾಕ್ ಹುಡುಗನಿಗೆ ಕಲಿಸುವುದು ಒಂದೇ ವಿಷಯ: ಇದರಿಂದ ಏನೂ ಆಗುವುದಿಲ್ಲ. ಬೀಡ್ ನೆಟ್ಟಗೆ ಬರಲು ಬೇಕಾದ ಕೈಯ ಸ್ತಿಮಿತ ಆರ್ಕಿನ ಉದ್ದ, ರಾಡಿನ ಕೋನ, ಸಾಗುವ ವೇಗ ಈ ಮೂರರ ಅಭ್ಯಾಸದಿಂದ ಬರುತ್ತದೆ. 3.15 ಮಿಲಿಮೀಟರ್ ರಾಡಿಗೆ ಸುಮಾರು 90ರಿಂದ 130 ಆಂಪಿಯರ್ ಎಂದು ತಿಳಿದು ಡಯಲ್ ತಿರುಗಿಸಿದರೆ ಅರ್ಧ ಅಂಟುವಿಕೆ ತಪ್ಪುತ್ತದೆ. ಇದರಲ್ಲಿ ಶಾಕ್‌ಗೆ ಎಲ್ಲಿಯೂ ಪಾತ್ರವಿಲ್ಲ.

ಇಲ್ಲಿಯವರೆಗೆ ಮಾತಾಡಿದ್ದು ಹೋಲ್ಡರ್ ಕಡೆಯ ಕರೆಂಟಿನದು. ಆ ನಂಬಿಕೆಯ ದೊಡ್ಡ ಕೇಡು ಮಿಷಿನ್ನಿನ ಇನ್ನೊಂದು ಬದಿಯಲ್ಲಿದೆ. ‘ವೆಲ್ಡಿಂಗ್ ಕರೆಂಟ್ ಏನೂ ಮಾಡಲ್ಲ’ ಎಂದು ಕಲಿತ ಹುಡುಗ ಮಿಷಿನ್‌ಗೆ ಬರುವ ವೈರನ್ನೂ ಅದೇ ಸಲಿಗೆಯಿಂದ ಮುಟ್ಟುತ್ತಾನೆ. ಅಲ್ಲಿರುವುದು 230 ಅಥವಾ 415. ಗ್ರಿಲ್ ಕೂರಿಸಲು ಮನೆಗೆ ಬಂದವರು ಪ್ಲಗ್ ಇಲ್ಲದ ವೈರಿನ ತುದಿ ಸುಲಿದು, ಸಾಕೆಟ್ಟಿನ ತೂತಿಗೆ ತೂರಿಸಿ, ಬೆಂಕಿಕಡ್ಡಿ ಚುಚ್ಚಿ ಬಿಗಿ ಮಾಡುವುದನ್ನು ನೋಡದವರು ಯಾರಿದ್ದಾರೆ? ಮೂರನೆಯ ವೈರ್, ಅಂದರೆ ಮಿಷಿನ್ನಿನ ಮೈಯನ್ನು ನೆಲಕ್ಕೆ ಜೋಡಿಸುವ ಅರ್ಥ್ ವೈರ್, ಅಲ್ಲಿ ಇರುವುದೇ ಇಲ್ಲ. ಇದ್ದರೂ ಕತ್ತರಿಸಿ ಮಡಚಿರುತ್ತಾರೆ. ಮಳೆಗೋ ಹಳತಾಗಿಯೋ ಕಾಯಿಲ್‌ನ ಇನ್ಸುಲೇಷನ್ ಕೆಟ್ಟ ದಿನ ಮಿಷಿನ್ನಿನ ಪೆಟ್ಟಿಗೆಗೇ 230 ವೋಲ್ಟ್ ಏರುತ್ತದೆ. ಅರ್ಥ್ ಇದ್ದಿದ್ದರೆ ಫ್ಯೂಸ್ ಹೋಗುತ್ತಿತ್ತು. ಇಲ್ಲದಿದ್ದರೆ ಪೆಟ್ಟಿಗೆ ಸುಮ್ಮನೆ ಕೂತಿರುತ್ತದೆ, ಮುಟ್ಟುವ ಕೈಗಾಗಿ. ಆಯುಧಪೂಜೆಯ ದಿನ ಮಿಷಿನ್‌ಗೆ ಕುಂಕುಮ ಹಚ್ಚಿ ನಿಂಬೆಹಣ್ಣು ಇಡುವ ಅಂಗಡಿಯಲ್ಲಿ, ವರ್ಷದ ಉಳಿದ ದಿನ ಅದರ ಟರ್ಮಿನಲ್ ಬೋಲ್ಟ್ ಬಿಗಿಯಾಗಿದೆಯೇ, ಅರ್ಥ್ ಇದೆಯೇ ಎಂದು ನೋಡುವ ಪದ್ಧತಿ ಇಲ್ಲ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಲೇಬೇಕು. ಕೆಲಸದ ಕಬ್ಬಿಣಕ್ಕೆ ಕಚ್ಚಿಸುವ ಕ್ಲ್ಯಾಂಪನ್ನೂ ಅಂಗಡಿಯಲ್ಲಿ ಅರ್ಥ್ ಎಂದೇ ಕರೆಯುತ್ತಾರೆ. ‘ಅರ್ಥ್ ಕೊಟ್ಟಿದ್ದೀನಲ್ಲ’ ಎಂದು ಹುಡುಗ ನೆಮ್ಮದಿಯಾಗಿರುತ್ತಾನೆ. ಆ ಕ್ಲ್ಯಾಂಪ್ ವೆಲ್ಡಿಂಗ್ ಕರೆಂಟ್ ಮಿಷಿನ್‌ಗೆ ಮರಳುವ ದಾರಿ ಮಾತ್ರ. ಮಿಷಿನ್ನಿನ ಮೈಗೆ ಏರಿದ 230 ವೋಲ್ಟನ್ನು ಅದು ನೆಲಕ್ಕಿಳಿಸುವುದಿಲ್ಲ. ಕ್ಲ್ಯಾಂಪನ್ನು ಕೆಲಸದ ಜಾಗಕ್ಕೆ ಹತ್ತಿರವಾಗಿ, ತುಕ್ಕು, ಬಣ್ಣ ಕೆರೆದ ಕಬ್ಬಿಣಕ್ಕೆ, ಸರಿಯಾದ ಕೇಬಲ್ಲಿನಿಂದ ಕಚ್ಚಿಸಬೇಕು. ನಮ್ಮಲ್ಲಿ ಕೇಬಲ್ ಉಳಿಸಲು ಸರಳುಗಳನ್ನು ಸಾಲಾಗಿ ನೆಲದ ಮೇಲೆ ಮಲಗಿಸುತ್ತಾರೆ, ಇಲ್ಲವೇ ದೂರದ ಗೇಟಿಗೋ, ನೀರಿನ ಪೈಪಿಗೋ, ಕಟ್ಟಡದ ಕಂಬಿಗೋ ಸಿಕ್ಕಿಸುತ್ತಾರೆ. ಆಗ ನೂರು ಆಂಪಿಯರ್ ತನಗೆ ಸಿಕ್ಕಿದ ಲೋಹದ ದಾರಿಯಲ್ಲೆಲ್ಲ ಓಡುತ್ತದೆ. ಎಲ್ಲೋ ಸಡಿಲ ಇದ್ದ ಕಡೆ ಕಿಡಿ, ಆ ಪೈಪ್ ಮುಟ್ಟಿದ ಇನ್ಯಾರಿಗೋ ಶಾಕ್. ಕೆಲವೊಮ್ಮೆ ಮನೆಯ ಅರ್ಥ್ ವೈರನ್ನೇ ತನ್ನ ದಾರಿ ಮಾಡಿಕೊಂಡು ಅದನ್ನು ಸುಟ್ಟುಹಾಕುತ್ತದೆ. ವೆಲ್ಡರ್ ಹೊರಟುಹೋದ ಮೇಲೂ ಆ ಮನೆಯ ಗೀಸರ್, ಫ್ರಿಜ್ಜು ರಕ್ಷಣೆಯಿಲ್ಲದೆ ಉಳಿಯುತ್ತವೆ. ಒಂದೇ ಕಬ್ಬಿಣದ ಮೇಲೆ ಇಬ್ಬರು ಎರಡು ಮಿಷಿನ್ ಹಚ್ಚಿ ಕೆಲಸ ಮಾಡುವಾಗ, ಸಂಪರ್ಕ ತಿರುಗುಮುರುಗಾಗಿದ್ದರೆ ಎರಡು ಹೋಲ್ಡರುಗಳ ನಡುವೆ ಎಂಬತ್ತಲ್ಲ, ನೂರ ಅರವತ್ತು ವೋಲ್ಟಿನವರೆಗೂ ಇರಬಹುದು.

‘ನಮ್ಮಲ್ಲಿ ಎಂಸಿಬಿ ಇದೆ, ಇಎಲ್‌ಸಿಬಿನೂ ಹಾಕಿಸಿದ್ದೀವಿ’ ಎನ್ನುವ ಸುಶಿಕ್ಷಿತ ಮಾಲೀಕರೂ ಇದ್ದಾರೆ. ಅವರ ಉದ್ದೇಶ ಒಳ್ಳೆಯದು, ತಿಳಿವಳಿಕೆ ಅರ್ಧ. ಎಂಸಿಬಿ ಕಾಯುವುದು ವೈರನ್ನು. 16 ಆಂಪಿಯರಿನ ಎಂಸಿಬಿಗೆ ಮನುಷ್ಯನ ಎದೆಯಲ್ಲಿ ಹರಿಯುವ 0.1 ಆಂಪಿಯರ್ ಲೆಕ್ಕಕ್ಕೇ ಬರುವುದಿಲ್ಲ. ಅವರು ಇಎಲ್‌ಸಿಬಿ ಎನ್ನುವ, 30 ಮಿಲಿಆಂಪಿಯರಿಗೆ ಬೀಳುವ ಆರ್‌ಸಿಸಿಬಿ ನಿಜಕ್ಕೂ ಜೀವ ಕಾಯುವ ಸಾಧನ. ಮಿಷಿನ್ನಿನ ಪೆಟ್ಟಿಗೆ ಅಥವಾ ಮೇನ್ ವೈರ್ ಮುಟ್ಟಿದವನನ್ನು ಅದು ಉಳಿಸಬಲ್ಲದು. ಆದರೆ ಅದು ನೋಡುವುದು ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲ್ಲಿನಲ್ಲಿ ಅಷ್ಟೇ ವಾಪಸ್ ಬಂತೇ ಎಂದು. ಹೋಲ್ಡರ್ ಕಡೆಯ ಸುರುಳಿ ಮೇನ್‌ನಿಂದ ಬೇರೆಯಾಗಿದೆ. ಅಲ್ಲಿ ಶಾಕ್ ಹೊಡೆದರೆ ಕರೆಂಟ್ ಹೋಲ್ಡರಿನಿಂದ ಹೊರಟು, ಮೈ ಹಾದು, ಕಬ್ಬಿಣ ಹಾದು ಅದೇ ಸುರುಳಿಗೆ ಮರಳುತ್ತದೆ. ಫೇಸ್ ನ್ಯೂಟ್ರಲ್ಲಿನ ಲೆಕ್ಕ ಸರಿಯಾಗಿಯೇ ಇರುತ್ತದೆ. ಆರ್‌ಸಿಸಿಬಿ ಮಿಸುಕುವುದಿಲ್ಲ. ಅಂದರೆ ಹೋಲ್ಡರ್ ಕಡೆಯಲ್ಲಿ ಹುಡುಗನನ್ನು ಕಾಯುವುದು ಒಣ ಗ್ಲೌಸ್, ಒಣ ಬೂಟು, ಕಾಲಡಿಯ ಹಲಗೆ ಅಥವಾ ರಬ್ಬರ್ ಮ್ಯಾಟು, ಒಡೆಯದ ಹೋಲ್ಡರ್, ತೇಪೆಯಿಲ್ಲದ ಕೇಬಲ್, ಇಷ್ಟೇ. ಇವೇ ನಮ್ಮ ಅಂಗಡಿಗಳಲ್ಲಿ ‘ಏನೂ ಆಗಲ್ಲ ಬಿಡು’ ಎಂಬ ಮಾತಿನಿಂದ ಬದಲಾಗಿ ಹೋಗಿರುವ ವಸ್ತುಗಳು.

ಇನ್ನೊಂದು ಹೊಸ ನಂಬಿಕೆ: ಕೈಯಲ್ಲಿ ಎತ್ತಿಕೊಂಡು ಹೋಗುವ ಇನ್ವರ್ಟರ್ ಮಿಷಿನ್‌ನಲ್ಲಿ ಶಾಕ್ ಬರುವುದೇ ಇಲ್ಲ. ಇನ್ವರ್ಟರ್ ಕೊಡುವುದು ಡಿಸಿ. ಅದೇ ವೋಲ್ಟಿನ ಎಸಿಗಿಂತ ಡಿಸಿ ಸ್ನಾಯುವನ್ನು ಹಿಡಿದಿಡುವುದು ಕಡಿಮೆ, ಹಾಗಾಗಿ ಕಲಿಯುವವನಿಗೆ ಹಳೆ ಎಸಿ ಟ್ರಾನ್ಸ್‌ಫಾರ್ಮರಿಗಿಂತ ಇದು ಮೇಲು. ಅಷ್ಟನ್ನು ಒಪ್ಪೋಣ. ಕೆಲವು ಮಿಷಿನ್‌ಗಳಲ್ಲಿ ವಿಆರ್‌ಡಿ ಎಂಬ ಏರ್ಪಾಡು ಇರುತ್ತದೆ. ಆರ್ಕ್ ಆರಿದ ಕೂಡಲೇ ಅದು ಹೋಲ್ಡರಿನ ವೋಲ್ಟನ್ನು ತೀರ ಕೆಳಕ್ಕೆ ಇಳಿಸುತ್ತದೆ. ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಅದು, ‘ಎಷ್ಟು ಆಂಪಿಯರ್’ ಎಂಬುದು ಆಮೇಲೆ. ಆದರೆ ವಿಆರ್‌ಡಿ ಇಲ್ಲದ ಇನ್ವರ್ಟರಿನಲ್ಲೂ ಆರ್ಕ್ ಇಲ್ಲದಾಗ 60ರಿಂದ 80 ವೋಲ್ಟ್ ಇದ್ದೇ ಇರುತ್ತದೆ. ಪೆಟ್ಟಿಗೆಯ ಒಳಗೆ 230 ವೋಲ್ಟ್ ಎಸಿ ಮುನ್ನೂರು ಚಿಲ್ಲರೆ ವೋಲ್ಟಿನ ಡಿಸಿಯಾಗಿ ಕೆಪಾಸಿಟರುಗಳಲ್ಲಿ ತುಂಬಿಕೊಂಡಿರುತ್ತದೆ. ಸ್ವಿಚ್ ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ. ಧೂಳು ಹೊಡೆಯಲು ಕವರ್ ಬಿಚ್ಚಿ ಕೈ ಹಾಕುವ ಹುಡುಗನಿಗೆ ಇದನ್ನು ಯಾರು ಹೇಳಿದ್ದಾರೆ?

ಇಷ್ಟು ಸರಳವಾದ ಲೆಕ್ಕದ ಎದುರು ಈ ನಂಬಿಕೆ ಇನ್ನೂ ನಿಂತಿರುವುದೇಕೆ? ಅದು ಮಾಲೀಕನ ಖರ್ಚು ಉಳಿಸುತ್ತದೆ. ಕರೆಂಟ್ ನಿರಪಾಯ ಎಂದಾದರೆ ಹರಿದ ಗ್ಲೌಸ್ ಬದಲಿಸಬೇಕಿಲ್ಲ, ಸುಟ್ಟ ಹೋಲ್ಡರಿಗೆ ಬಟ್ಟೆ ಸುತ್ತಿ ನಡೆಸಬಹುದು, ಕೇಬಲ್ಲಿಗೆ ಟೇಪ್ ಸಾಕು, ಹವಾಯಿ ಚಪ್ಪಲಿಯಲ್ಲಿ ಬಂದ ಹುಡುಗನನ್ನು ಹಾಗೆಯೇ ಕೂರಿಸಬಹುದು. ಗ್ಲೌಸಿನ ಬೆಲೆ ಕೆಲವು ನೂರು ರೂಪಾಯಿ, ಆರ್‌ಸಿಸಿಬಿಯದು ಕೆಲವು ಸಾವಿರ. ಒಂದು ಮನೆಯ ಗೇಟಿನ ಬಿಲ್ಲಿನಲ್ಲಿ ಇದು ಸಣ್ಣ ಪಾಲು. ಈ ಸಣ್ಣ ಪಾಲನ್ನು ಉಳಿಸಲು ಹುಡುಗನ ಧೈರ್ಯವನ್ನು ಹೊಗಳಲಾಗುತ್ತದೆ. ಹೊಗಳಿಕೆಗೆ ದುಡ್ಡು ಬೀಳುವುದಿಲ್ಲ.

ಕಾನೂನಿಗೂ ಈ ಅಂಗಡಿಗಳು ಕಾಣುವುದಿಲ್ಲ. 1948ರ ಕಾರ್ಖಾನೆ ಕಾಯ್ದೆ ವಿದ್ಯುತ್ ಬಳಸುವ ಕಡೆ ಕನಿಷ್ಠ ಹತ್ತು ಕೆಲಸಗಾರರಿದ್ದರೆ ಮಾತ್ರ ಅದನ್ನು ಕಾರ್ಖಾನೆ ಎಂದಿತು. 2020ರ ಔದ್ಯೋಗಿಕ ಸುರಕ್ಷಾ ಸಂಹಿತೆ ಆ ಸಂಖ್ಯೆಯನ್ನು ಇಪ್ಪತ್ತಕ್ಕೆ ಏರಿಸಿತು. ಒಬ್ಬ ಮೇಸ್ತ್ರಿ, ಇಬ್ಬರು ಹುಡುಗರಿರುವ ಅಂಗಡಿ ಎರಡರ ಲೆಕ್ಕಕ್ಕೂ ಸಿಗುವುದಿಲ್ಲ. ವೆಲ್ಡಿಂಗಿನ ಸುರಕ್ಷತೆಗೆ ಐಎಸ್ 818, ಅರ್ಥಿಂಗಿಗೆ ಐಎಸ್ 3043 ಎಂಬ ಭಾರತೀಯ ಮಾನದಂಡಗಳು ದಶಕಗಳಿಂದ ಇವೆ. ಐಟಿಐಗಳ ಒಂದು ವರ್ಷದ ವೆಲ್ಡರ್ ಕೋರ್ಸಿನಲ್ಲಿ ಸುರಕ್ಷತೆಯ ಪಾಠ ಮೊದಲಿಗೇ ಬರುತ್ತದೆ. ಆದರೆ ಈ ಕಸುಬನ್ನು ಅಂಗಡಿಯಲ್ಲೇ ಕಲಿತವರು ನಮ್ಮಲ್ಲಿ ಲೆಕ್ಕವಿಲ್ಲದಷ್ಟು ಮಂದಿ. ಅವರ ಪಠ್ಯಪುಸ್ತಕ ಮೇಸ್ತ್ರಿಯ ಬಾಯಿ. ಅದಕ್ಕೇ ಆ ಬಾಯಿಂದ ಹೊರಡುವ ಒಂದು ತಪ್ಪು ವಾಕ್ಯಕ್ಕೆ ಇಷ್ಟು ಉದ್ದದ ಖಂಡನೆ ಬೇಕಾಯಿತು.

ಹಾಗಾದರೆ ಮೊದಲ ದಿನದ ಪಾಠ ಏನಾಗಬೇಕು? ಹುಡುಗನ ಕೈಗೆ ಹೋಲ್ಡರ್ ಕೊಡುವ ಮೊದಲು ಮೇನ್ ಸ್ವಿಚ್ ಎಲ್ಲಿದೆ ಎಂದು ತೋರಿಸಬೇಕು, ಅವನೇ ಅದನ್ನು ಎರಡು ಸಲ ಹಾಕಿ ತೆಗೆಯಬೇಕು. ಪ್ಲಗ್, ಮೂರನೆಯ ವೈರ್, ಕೇಬಲ್ಲಿನ ಉದ್ದಗಲ, ಹೋಲ್ಡರಿನ ಹಿಡಿ, ಕ್ಲ್ಯಾಂಪು ಇವನ್ನು ಬೆಳಿಗ್ಗೆ ಮಿಷಿನ್ ಹಾಕುವ ಮೊದಲು ಅವನ ಕೈಯಲ್ಲೇ ನೋಡಿಸಬೇಕು. ಎರಡು ಜೊತೆ ಗ್ಲೌಸ್ ಇರಬೇಕು, ಒಂದು ತೊಯ್ದರೆ ಇನ್ನೊಂದು. ರಾಡ್ ಅಂಟಿದರೆ ತಿರುಚಿ ಬಿಡಿಸು, ಬರದಿದ್ದರೆ ಹೋಲ್ಡರಿನ ಹಿಡಿ ಒತ್ತಿ ರಾಡನ್ನು ಬಿಟ್ಟುಬಿಡು ಅಥವಾ ಮಿಷಿನ್ ಆಫ್ ಮಾಡು, ಕೈ ಹಾಕಬೇಡ ಎಂದು ಹೇಳಿಕೊಡಬೇಕು. ರಾಡ್ ಬದಲಿಸುವಾಗ ಗ್ಲೌಸ್ ಕಳಚಬಾರದು, ಹೋಲ್ಡರ್ ಮೈಗೆ ತಾಗಬಾರದು, ಬಿಡುವಿನಲ್ಲಿ ರಾಡ್ ತೆಗೆದು ಹೋಲ್ಡರನ್ನು ಒಣ ಹಲಗೆಯ ಮೇಲೆ ಇಡಬೇಕು. ಮಳೆ ಬಂದರೆ ಕೆಲಸ ನಿಲ್ಲಬೇಕು. ಟ್ಯಾಂಕಿನ ಒಳಗೆ ಕಲಿಯುವವನು ಇಳಿಯಲೇಬಾರದು. ಪಳಗಿದವನು ಇಳಿದರೂ ಹೊರಗೆ ಸ್ವಿಚ್ಚಿನ ಪಕ್ಕ ಒಬ್ಬ ನಿಂತಿರಬೇಕು.

ಯಾರಿಗಾದರೂ ಕರೆಂಟ್ ಹಿಡಿದರೆ ಮೊದಲು ಸ್ವಿಚ್, ಆಮೇಲೆ ಮನುಷ್ಯ. ಹಿಡಿದುಕೊಂಡವನನ್ನು ಬರಿಗೈಯಲ್ಲಿ ಎಳೆಯಲು ಹೋದವನಿಗೂ ಅದೇ ಗತಿ. ಉಸಿರು ಕಾಣದಿದ್ದರೆ ಕೈಕಾಲು ಉಜ್ಜುತ್ತಾ ಕೂರಬಾರದು. ಎದೆಯ ನಡುವೆ ಎರಡೂ ಅಂಗೈ ಇಟ್ಟು ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಬೇಕು, ಇನ್ನೊಬ್ಬ 108ಕ್ಕೆ ಫೋನ್ ಮಾಡಬೇಕು. ಲಯ ತಪ್ಪಿದ ಹೃದಯಕ್ಕೆ ಮೊದಲ ಕೆಲವು ನಿಮಿಷಗಳೇ ಗತಿ. ಶಾಕ್ ಹೊಡೆದು ಎದ್ದು ಕೂತವನನ್ನೂ ‘ಸರಿಹೋಯ್ತು’ ಎಂದು ಮನೆಗೆ ಕಳಿಸದೆ ಆಸ್ಪತ್ರೆಗೆ ತೋರಿಸಬೇಕು.

ಹೆದರಿಕೆ ಹುಟ್ಟಿಸಿ ಕಸುಬು ಬಿಡಿಸುತ್ತಿದ್ದೀರಿ ಎಂಬ ಆಕ್ಷೇಪ ಬರಬಹುದು. ಮೇಲಿನ ಪಟ್ಟಿಯಲ್ಲಿ ಕಸುಬನ್ನು ತಡೆಯುವುದು ಯಾವುದೂ ಇಲ್ಲ. ಹತ್ತು ನಿಮಿಷದ ತಪಾಸಣೆಗೆ ಒಂದು ಗೇಟೂ ನಿಂತುಹೋಗುವುದಿಲ್ಲ. ನಿಂತುಹೋಗುವುದು ‘ಏನೂ ಆಗಲ್ಲ ಬಿಡು’ ಎಂಬ ಪೌರುಷ ಮಾತ್ರ, ಹೋಗಲಿ.

ಕೊನೆಯ ಮಾತು ವೆಲ್ಡರ್ ಅಲ್ಲದ ಓದುಗರಿಗೆ. ಈ ಕೆಲಸ ನಡೆಯುವುದು ನಿಮ್ಮ ಮನೆಯ ಅಂಗಳದಲ್ಲಿ, ನಿಮ್ಮ ಸಾಕೆಟ್ಟಿನ ಕರೆಂಟಿನಲ್ಲಿ. ಗ್ರಿಲ್ಲಿನ ದರದಲ್ಲಿ ಅಡಿಗೆ ಹತ್ತು ರೂಪಾಯಿ ಚೌಕಾಸಿ ಮಾಡುವ ನೀವು, ಬೆಂಕಿಕಡ್ಡಿ ಚುಚ್ಚಲು ಹೊರಟವನನ್ನು ತಡೆದು ‘ಪ್ಲಗ್ ಹಾಕಿಕೊಂಡು ಬಾಪ್ಪ, ಅಲ್ಲಿಯವರೆಗೆ ಸ್ವಿಚ್ ಹಾಕೋದಿಲ್ಲ’ ಎನ್ನಿ. ಹುಡುಗನ ಕಾಲಲ್ಲಿ ಬೂಟು, ಕೈಯಲ್ಲಿ ಗ್ಲೌಸ್ ಇಲ್ಲದಿದ್ದರೆ ಕೆಲಸ ಶುರುಮಾಡಿಸಬೇಡಿ. ಮಳೆಯಲ್ಲಿ ‘ಇವತ್ತೇ ಮುಗಿಸಿಬಿಡಿ’ ಎಂದು ಅವಸರ ಮಾಡಬೇಡಿ. ಅಂಗಡಿಗೆ ಇನ್‌ಸ್ಪೆಕ್ಟರ್ ಬರದಿದ್ದರೂ ಗಿರಾಕಿ ದಿನಾ ಬರುತ್ತಾನೆ. ಗಿರಾಕಿ ಕೇಳಿದ್ದನ್ನು ಮೇಸ್ತ್ರಿ ಕೊಟ್ಟೇ ಕೊಡುತ್ತಾನೆ.